ಗ್ಯಾರೇಜಿನಲ್ಲಿ ಸರಿಯಿದ್ದು ಹಳ್ಳಿಯ ನಿಲುಗಡೆಯಲ್ಲಿ ಕೈಕೊಡುತ್ತಿದ್ದ ವೀಲ್‌ಚೇರ್ ಲಿಫ್ಟ್

ವೀಲ್‌ಚೇರ್ ಲಿಫ್ಟ್ ಇರುವ ಬಸ್ಸು ದುರಸ್ತಿಗೆ ಬಂದರೆ ಅದನ್ನು ಕಾಂಕ್ರೀಟ್ ನೆಲದ ಮೇಲೆ ನಿಲ್ಲಿಸಿ, ಖಾಲಿ ಪ್ಲಾಟ್‌ಫಾರ್ಮನ್ನು ಒಂದೆರಡು ಸಲ ಏರಿಸಿ ಇಳಿಸಿ, ಎಲ್ಲವೂ ಸರಿಯಿದೆ ಎಂದು ಹೇಳಿ ಕಳುಹಿಸುವುದು ನಮ್ಮ ಕಸುಬಿನಲ್ಲಿ ವಾಡಿಕೆಯಾಗಿದೆ. ಈ ಪರೀಕ್ಷೆಯಿಂದ ಲಿಫ್ಟಿನ ಬಗ್ಗೆ ತಿಳಿಯುವುದು ಬಹಳ ಕಡಿಮೆ ಎಂಬುದು ನನ್ನ ಅನುಭವ. ಸಮತಟ್ಟಾದ ನೆಲ ಒಂದು ಬಗೆಯ ದೋಷವನ್ನು ಮರೆಮಾಡುತ್ತದೆ, ಖಾಲಿ ಪ್ಲಾಟ್‌ಫಾರ್ಮ್ ಇನ್ನೊಂದು ಬಗೆಯ ದೋಷವನ್ನು ಮರೆಮಾಡುತ್ತದೆ. ನಾನು ಹೇಳಹೊರಟಿರುವ ಬಸ್ಸಿನಲ್ಲಿ ಈ ಎರಡೂ ಬಗೆಯ ದೋಷಗಳು ಒಟ್ಟಿಗೇ ಇದ್ದವು. ದಾವಣಗೆರೆಯ ಹಳೆಯ ಪಿ.ಬಿ. ರಸ್ತೆಯ ಕಡೆ ವಾಹನಗಳ ವಿದ್ಯುತ್ ಕೆಲಸ ಮಾಡುವ ನನ್ನಂತಹವರಿಗೆ ಇಂತಹ ಬಸ್ಸುಗಳು ಈಗ ಆಗೊಮ್ಮೆ ಈಗೊಮ್ಮೆ ಬರತೊಡಗಿವೆಯಾದ್ದರಿಂದ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಅದು ಮೊದಲು ಶಾಲೆಯ ಮಕ್ಕಳನ್ನು ಸಾಗಿಸುತ್ತಿದ್ದ ಬಸ್ಸು. ಅಂಗವಿಕಲರಿಗೆ ಫಿಸಿಯೋಥೆರಪಿ ಮತ್ತು ತರಬೇತಿ ಕೊಡುವ ಸಂಸ್ಥೆಯೊಂದು ಅದನ್ನು ಕೊಂಡು, ಹಿಂಭಾಗದ ಸೀಟುಗಳನ್ನು ತೆಗೆಸಿ, ಎಡಗಡೆಯ ಹಿಂಬದಿಯಲ್ಲಿ ಎರಡು ಕದಗಳ ಬಾಗಿಲು ಇರಿಸಿ, ಒಳಗೆ ಮಡಚಿಕೊಳ್ಳುವ ಹೈಡ್ರಾಲಿಕ್ ಲಿಫ್ಟನ್ನು ಹಾಕಿಸಿತ್ತು. ಲಿಫ್ಟಿನ ತಗಡಿನ ಮೇಲೆ ಬರೆದಿರುವ ಸಾಮರ್ಥ್ಯ 300 ಕಿಲೋ. ಬಸ್ಸಿನದು 24 ವೋಲ್ಟ್ ವ್ಯವಸ್ಥೆ, ಅಂದರೆ 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಲಾಗಿದೆ; ಲಿಫ್ಟಿನ ಪಂಪು ಕೂಡ 24 ವೋಲ್ಟಿನದೇ. ಬಸ್ಸು ಬೆಳಿಗ್ಗೆ ಜಗಳೂರು ರಸ್ತೆಯ ಹಳ್ಳಿಗಳಿಗೆ ಹೋಗಿ ಜನರನ್ನು ಕರೆತಂದು, ಸಂಜೆ ಅವರನ್ನು ಊರಿಗೆ ಮುಟ್ಟಿಸುತ್ತದೆ.

ದೂರು ಎರಡು ತೆರನಾಗಿತ್ತು. ಕೆಲವು ಹಳ್ಳಿಗಳಲ್ಲಿ ಲಿಫ್ಟಿನ ಗುಂಡಿ ಒತ್ತಿದರೆ ಏನೂ ಆಗುವುದಿಲ್ಲ, ಶಬ್ದವೂ ಬರುವುದಿಲ್ಲ. ಇನ್ನು ಕೆಲವು ಸಲ ಲಿಫ್ಟು ಅರ್ಧದವರೆಗೆ ಏರಿ ಟಕಟಕ ಎನ್ನುತ್ತಾ ನಿಂತುಬಿಡುತ್ತದೆ. ಬಸ್ಸು ಅದಕ್ಕೂ ಮೊದಲು ಬೇರೆ ಕಡೆ ದುರಸ್ತಿಗೆ ಹೋಗಿ ಬಂದಿತ್ತು. ಅಲ್ಲಿ ಪಂಪು ಹೋಗಿದೆ, ಮೋಟಾರು ಟ್ಯಾಂಕು ಸಮೇತ ಹೊಸದು ಹಾಕಬೇಕು ಎಂದು ತೀರ್ಮಾನಿಸಿದ್ದರು. ದಾನಿಗಳ ಹಣದಲ್ಲಿ ನಡೆಯುವ ಸಂಸ್ಥೆಗೆ ಅದು ಸಣ್ಣ ಖರ್ಚಲ್ಲ. ಎರಡು ದೂರುಗಳನ್ನೂ ಒಂದೇ ರೋಗವೆಂದು ಭಾವಿಸಿದ್ದರಿಂದಲೇ ಆ ತೀರ್ಮಾನ ಹುಟ್ಟಿತ್ತು ಎಂಬುದು ನನ್ನ ಅಭಿಪ್ರಾಯ. ಒಂದೇ ಯಂತ್ರದಲ್ಲಿ ಪೂರ್ಣ ಮೌನ ಮತ್ತು ಅರ್ಧದಲ್ಲಿ ನಿಲ್ಲುವುದು ಸಾಮಾನ್ಯವಾಗಿ ಬೇರೆ ಬೇರೆ ಕಡೆಯಿಂದ ಬರುತ್ತವೆ.

ಇದನ್ನು ತಿಳಿಯಲು ಲಿಫ್ಟು ಕೆಲಸ ಮಾಡುವ ರೀತಿಯನ್ನು ಸ್ವಲ್ಪ ನೋಡಬೇಕು. ಮೇಲೇರಿಸುವಾಗ ಬ್ಯಾಟರಿಯಿಂದ ದಪ್ಪ ಕೇಬಲ್ಲಿನ ಮೂಲಕ ಮೋಟಾರಿಗೆ ಕರೆಂಟು ಹರಿಯುತ್ತದೆ, ಮೋಟಾರು ಪಂಪನ್ನು ತಿರುಗಿಸುತ್ತದೆ, ಎಣ್ಣೆಯ ಒತ್ತಡ ಸಿಲಿಂಡರುಗಳನ್ನು ತಳ್ಳುತ್ತದೆ. ಇಳಿಸುವಾಗ ಈ ಬಗೆಯ ಲಿಫ್ಟಿನಲ್ಲಿ ಮೋಟಾರಿಗೆ ಕೆಲಸವೇ ಇಲ್ಲ. ಕರೆಂಟು ಕೊಟ್ಟರೆ ತೆರೆಯುವ ಒಂದು ಸೊಲೆನಾಯ್ಡ್ ವಾಲ್ವು ತೆರೆದುಕೊಳ್ಳುತ್ತದೆ, ಪ್ಲಾಟ್‌ಫಾರ್ಮಿನ ತೂಕಕ್ಕೇ ಎಣ್ಣೆ ನಿಧಾನವಾಗಿ ಟ್ಯಾಂಕಿಗೆ ಮರಳುತ್ತದೆ. ಏರಲು ಹತ್ತಾರು ಆಂಪಿಯರ್ ಬೇಕು, ಇಳಿಯಲು ಒಂದೆರಡು ಆಂಪಿಯರ್ ಸಾಕು. ಇವೆರಡಕ್ಕೂ ಮುಂಚೆ ಸುರಕ್ಷತೆಯ ಸ್ವಿಚ್‌ಗಳ ಒಂದು ಸಾಲು ಇದೆ: ಡ್ಯಾಶ್‌ಬೋರ್ಡಿನ ಲಿಫ್ಟ್ ಸ್ವಿಚ್ಚು ಹಾಕಿರಬೇಕು, ಹ್ಯಾಂಡ್ ಬ್ರೇಕ್ ಎಳೆದಿರಬೇಕು, ಲಿಫ್ಟಿನ ಬಾಗಿಲು ಪೂರ್ತಿ ತೆರೆದಿರಬೇಕು. ಇವು ಒಂದರ ಹಿಂದೆ ಒಂದರಂತೆ ಜೋಡಣೆಯಾಗಿರುವುದರಿಂದ ಯಾವುದೊಂದು ಒಪ್ಪದಿದ್ದರೂ ಕೈಯಲ್ಲಿ ಹಿಡಿಯುವ ರಿಮೋಟಿನವರೆಗೆ ಕರೆಂಟು ಬರುವುದೇ ಇಲ್ಲ. ಆದ್ದರಿಂದ ಏರುವುದೂ ಇಳಿಯುವುದೂ ಎರಡೂ ಸತ್ತಿದ್ದರೆ ಪಂಪಿನ ಕಡೆ ಹೋಗುವ ಮೊದಲು ಈ ಸಾಲನ್ನು ನೋಡಬೇಕು. ಇಳಿಯುತ್ತದೆ ಆದರೆ ಏರುವುದಿಲ್ಲ ಎಂದರೆ ದಪ್ಪ ಕೇಬಲ್, ಮೋಟಾರು, ಪಂಪು, ಎಣ್ಣೆ ಇವುಗಳ ಕಡೆ ಹೋಗಬೇಕು.

ಸಾಲನ್ನು ಪರೀಕ್ಷಿಸಲು ಕುಳಿತಾಗ ಮೊದಲು ಕಣ್ಣಿಗೆ ಬಿದ್ದದ್ದು ಹ್ಯಾಂಡ್ ಬ್ರೇಕ್ ಸ್ವಿಚ್ಚಿನ ಎರಡು ತಂತಿಗಳನ್ನು ನೇರವಾಗಿ ಸೇರಿಸಿ ಟೇಪು ಸುತ್ತಿದ್ದ ಒಂದು ಗಂಟು. ಲಿಫ್ಟು ಏಳದಿರಲು ಹ್ಯಾಂಡ್ ಬ್ರೇಕ್ ಸ್ವಿಚ್ಚೇ ಕಾರಣವಿರಬಹುದೆಂದು ಯಾರೋ ಊಹಿಸಿ ಅದನ್ನು ದಾಟಿಸಿದ್ದರು. ಅದರಿಂದ ದೋಷ ಹೋಗಲಿಲ್ಲ, ಗಂಟು ಮಾತ್ರ ಉಳಿದುಕೊಂಡಿತ್ತು. ಹೀಗೆ ಮಾಡಿದ ಬಸ್ಸಿನಲ್ಲಿ ಬ್ರೇಕ್ ಎಳೆಯದೆಯೇ ಲಿಫ್ಟು ಹೊರಬರುತ್ತದೆ, ಇಳಿಜಾರಿನಲ್ಲಿ ಬಸ್ಸು ಒಂದು ಅಡಿ ಸರಿದರೂ ಪ್ಲಾಟ್‌ಫಾರ್ಮಿನ ಮೇಲೆ ಕುಳಿತವರ ಗತಿಯೇನು ಎಂದು ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ. ಲಿಫ್ಟಿನ ಮೇಲಿರುವವರು ತಾವಾಗಿ ಜಿಗಿದು ತಪ್ಪಿಸಿಕೊಳ್ಳಲಾರರು. ಬೇರೆ ಯಾವ ವಾಹನದಲ್ಲಾದರೂ ಮನೆ ಸೇರುವ ಮಟ್ಟಿಗೆ ಒಂದು ಸ್ವಿಚ್ಚನ್ನು ದಾಟಿಸಿ ಕಳುಹಿಸುವ ರೂಢಿ ನಮ್ಮಲ್ಲಿ ಇದೆ, ಆದರೆ ವೀಲ್‌ಚೇರ್ ಲಿಫ್ಟಿನಲ್ಲಿ ಅದನ್ನು ಒಂದು ದಿನದ ಮಟ್ಟಿಗೂ ಮಾಡಬಾರದೆಂಬುದು ನನ್ನ ಖಂಡಿತವಾದ ಅಭಿಪ್ರಾಯ. ಗಂಟನ್ನು ಬಿಚ್ಚಿ ಸ್ವಿಚ್ಚನ್ನು ಮತ್ತೆ ಸಾಲಿಗೆ ಸೇರಿಸಿದೆ. ಸ್ವಿಚ್ಚು ಚೆನ್ನಾಗಿಯೇ ಇತ್ತು.

ಗ್ಯಾರೇಜಿನಲ್ಲಿ ಆ ಬಸ್ಸಿನ ಲಿಫ್ಟು ಒಮ್ಮೆಯೂ ತಕರಾರು ಮಾಡಲಿಲ್ಲ. ಹಾಗಾದರೆ ಎಲ್ಲಿ ಮಾಡುತ್ತದೆ ಎಂದು ಬಸ್ಸಿನಲ್ಲಿ ಪ್ರತಿದಿನ ಹೋಗಿ ಬರುವ ಸಹಾಯಕಿಯನ್ನು ಕೇಳಿದೆ. ಆಕೆ ಒಂದು ಕ್ಷಣವೂ ಯೋಚಿಸದೆ, "ಅಣ್ಣಾ, ಮೆಕ್ಕೆಜೋಳ ಹರವಿರ್ತಾರಲ್ರೀ, ಅಲ್ಲೇ ನೋಡ್ರಿ ಹಿಂಗಾಗೋದು" ಎಂದರು. ಹಿಂದಿನ ದುರಸ್ತಿಯಲ್ಲಿ ಆಕೆಯನ್ನು ಯಾರೂ ಕೇಳಿರಲಿಲ್ಲವಂತೆ.

ನಮ್ಮ ಜಿಲ್ಲೆಯ ಮೆಕ್ಕೆಜೋಳದ ಸೀಮೆಯನ್ನು ಕಂಡವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಕೊಯ್ಲಿನ ನಂತರ ಊರ ಮುಂದಿನ ಡಾಂಬರು ರಸ್ತೆಯ ಅರ್ಧಭಾಗದಲ್ಲಿ ಕಾಳು ಒಣಗಲು ಬಿದ್ದಿರುತ್ತದೆ, ಉಳಿದ ಅರ್ಧದಲ್ಲಿ ವಾಹನಗಳು ಓಡಾಡಬೇಕು. ಲಿಫ್ಟ್ ಇಳಿಸಲು ಸ್ವಲ್ಪ ಹೊತ್ತು ನಿಲ್ಲಬೇಕಾದ ಬಸ್ಸನ್ನು ಚಾಲಕರು ಎಡಗಡೆಯ ಚಕ್ರಗಳು ಡಾಂಬರಿನಿಂದ ಕೆಳಗೆ ಮಣ್ಣಿಗೆ ಇಳಿಯುವಂತೆ ನಿಲ್ಲಿಸುತ್ತಾರೆ, ಬಸ್ಸು ಎಡಕ್ಕೆ ವಾಲುತ್ತದೆ. ನಾನು ಮೊದಲು ಹೊಟ್ಟು ಮತ್ತು ದೂಳು ಸ್ವಿಚ್ಚಿನೊಳಗೆ ಸೇರಿರಬಹುದೆಂದು ನೋಡಿದೆ. ದೂಳು ಇತ್ತು, ಆದರೆ ಸ್ವಿಚ್ಚನ್ನು ಕೆಡಿಸುವಷ್ಟಿರಲಿಲ್ಲ. ಮರುದಿನ ಬೆಳಿಗ್ಗೆ ಬಸ್ಸಿನಲ್ಲೇ ಹೋಗಿ ಆ ಜಾಗದಲ್ಲಿ ಇಳಿದಾಗ ಕಾರಣ ಕಣ್ಣೆದುರೇ ನಿಂತಿತ್ತು.

ಲಿಫ್ಟಿನ ಬಾಗಿಲಿನ ಕದಗಳು ಹೊರಕ್ಕೆ ತೆರೆದು, ಪೂರ್ತಿ ಹಿಂದಕ್ಕೆ ಹೋಗಿ ಬಸ್ಸಿನ ಬದಿಗೆ ಅಂಟಿಕೊಂಡು ನಿಲ್ಲಬೇಕು. ಅಲ್ಲಿ ಒಂದು ಕೊಂಡಿ ಅವನ್ನು ಹಿಡಿದುಕೊಳ್ಳುತ್ತದೆ, ಕದದ ಮೇಲಿರುವ ಮ್ಯಾಗ್ನೆಟ್ಟು ಬಾಡಿಯ ಮೇಲಿರುವ ಸ್ವಿಚ್ಚಿನ ಎದುರಿಗೆ ಬರುತ್ತದೆ, ಬಾಗಿಲು ತೆರೆದಿದೆ ಎಂಬ ಸಂಕೇತ ಹೋಗುತ್ತದೆ. ಬಸ್ಸು ಎಡಕ್ಕೆ ವಾಲಿದಾಗ ಕದದ ಸ್ವಂತ ಭಾರ ಅದನ್ನು ಕೆಳಮುಖವಾದ ದಿಕ್ಕಿಗೆ, ಅಂದರೆ ಬಸ್ಸಿನಿಂದ ನೇರವಾಗಿ ಹೊರಚಾಚಿದ ಸ್ಥಿತಿಗೆ ಎಳೆಯುತ್ತದೆ. ಕೊಂಡಿಯ ಸ್ಪ್ರಿಂಗ್ ಗಟ್ಟಿಯಿದ್ದರೆ ಈ ಎಳೆತ ಲೆಕ್ಕಕ್ಕೆ ಬರುವುದಿಲ್ಲ. ಸವೆದ ಕೊಂಡಿಯಲ್ಲಿ ಕದ ಬಸ್ಸಿನ ಬದಿಯಿಂದ ಎರಡು ಬೆರಳು ಅಗಲ ಹೊರಕ್ಕೆ ಬಂದು ನಿಲ್ಲುತ್ತಿತ್ತು. ನೋಡುವವರಿಗೆ ಬಾಗಿಲು ಪೂರ್ತಿ ತೆರೆದಂತೆಯೇ ಕಾಣುತ್ತದೆ, ಮ್ಯಾಗ್ನೆಟ್ಟು ಮಾತ್ರ ಸ್ವಿಚ್ಚಿನ ಅಳತೆಗೆ ಸಿಗುವುದಿಲ್ಲ. ಟೆಸ್ಟ್ ಲ್ಯಾಂಪಿನಿಂದ ನೋಡಿದಾಗ ಹ್ಯಾಂಡ್ ಬ್ರೇಕಿನವರೆಗೆ ದೀಪ ಉರಿಯಿತು, ಬಾಗಿಲ ಸ್ವಿಚ್ಚಿನ ನಂತರ ಉರಿಯಲಿಲ್ಲ. ಕದವನ್ನು ಕೈಯಿಂದ ಒತ್ತಿ ಹಿಡಿದಾಗ ಉರಿಯಿತು. ಲಿಫ್ಟು ಕೆಟ್ಟಿರಲಿಲ್ಲ, ತನಗೆ ಕಲಿಸಿದಂತೆ ಹೊರಬರಲು ಒಪ್ಪದೆ ನಿಂತಿತ್ತು.

ಸ್ವಿಚ್ಚನ್ನು ಸ್ವಲ್ಪ ಈಚೆಗೆ ಸರಿಸಿ, ಕದ ಅಷ್ಟೇ ತೆರೆದರೂ ಒಪ್ಪುವಂತೆ ಮಾಡೋಣವೇ ಎಂದು ಚಾಲಕರು ಕೇಳಿದರು. ಹತ್ತು ನಿಮಿಷದಲ್ಲಿ ಆಗುವ ಕೆಲಸ ಅದು. ಆದರೆ ಆ ಸ್ವಿಚ್ಚು ಇರುವುದು ಕದ ಪ್ಲಾಟ್‌ಫಾರ್ಮಿಗೆ ಅಡ್ಡ ಬರುವುದಿಲ್ಲ ಎಂಬ ಖಾತರಿಗಾಗಿ. ಕೊಂಡಿ ಇನ್ನಷ್ಟು ಸವೆದು, ಗಾಳಿಗೆ ಕದ ಮುಂದಕ್ಕೆ ಬಂದರೆ, ಏರುತ್ತಿರುವವರ ಮೊಣಕೈಗೆ ಅದು ಬಡಿಯುತ್ತದೆ. ಆದ್ದರಿಂದ ಸ್ವಿಚ್ಚನ್ನು ಮುಟ್ಟದೆ ಬಾಡಿ ಕೆಲಸದವರಿಂದ ಎರಡೂ ಕದಗಳಿಗೆ ಹೊಸ ಕೊಂಡಿ ಮಾಡಿಸಿದೆವು, ಕೀಲುಗಳನ್ನೂ ಬಿಗಿ ಮಾಡಿಸಿದೆವು. ಅದು ಮುಗಿಯುವವರೆಗೆ ಬಸ್ಸನ್ನು ಊರಿನ ಶಾಲೆಯ ಮುಂದಿನ ಸಮತಟ್ಟು ಜಾಗದಲ್ಲಿ ನಿಲ್ಲಿಸಲು ಚಾಲಕರು ಒಪ್ಪಿದರು.

ಇಲ್ಲಿಗೆ ಮೌನದ ಕಥೆ ಮುಗಿಯಿತು. ಅರ್ಧದಲ್ಲಿ ನಿಲ್ಲುವುದು ಇದಕ್ಕಿಂತ ಕುತೂಹಲಕರವಾಗಿತ್ತು, ಅದರ ಸುಳಿವು ಕೊಟ್ಟವರು ಆ ಬಸ್ಸಿನಲ್ಲಿ ಬರುವ ಒಬ್ಬ ಯುವತಿ. ಆಕೆಯದು ಬ್ಯಾಟರಿ ಚಾಲಿತ ಕುರ್ಚಿ. "ಸರ್, ಕೈಯಲ್ಲಿ ತಳ್ಳೋ ಕುರ್ಚಿಯವರು ಹತ್ತುವಾಗ ನಿಧಾನ ಆಗುತ್ತೆ, ಆದ್ರೆ ನಿಲ್ಲಲ್ಲ. ನಾನು ಹತ್ತುವಾಗ ಮಾತ್ರ ಟಕಟಕ ಅಂತ ನಿಲ್ಲುತ್ತೆ. ಅದೂ ನಾನು ಕೊನೆಯವಳಾಗಿ ಹತ್ತಿದ್ರೆ ಖಂಡಿತ" ಎಂದು ಹೇಳಿದರು. ಇದಕ್ಕಿಂತ ನಿಖರವಾದ ವರದಿಯನ್ನು ಯಾವ ಮೆಕ್ಯಾನಿಕ್ಕೂ ಕೊಡಲಾರ. ಕೈಯಿಂದ ತಳ್ಳುವ ಕುರ್ಚಿ ಹದಿನೈದಿಪ್ಪತ್ತು ಕಿಲೋ ತೂಗಿದರೆ ಬ್ಯಾಟರಿ ಕುರ್ಚಿ ನೂರು ಕಿಲೋ ದಾಟುವುದುಂಟು. ಭಾರ ಹೆಚ್ಚಾದಂತೆ ಎಣ್ಣೆಯ ಒತ್ತಡ ಹೆಚ್ಚುತ್ತದೆ, ಒತ್ತಡಕ್ಕೆ ತಕ್ಕಂತೆ ಮೋಟಾರು ಎಳೆಯುವ ಕರೆಂಟು ಹೆಚ್ಚುತ್ತದೆ. ಕೊನೆಯಲ್ಲಿ ಹತ್ತಿದರೆ ಖಂಡಿತ ನಿಲ್ಲುತ್ತದೆ ಎಂಬ ಮಾತು ಇನ್ನೂ ಮುಖ್ಯವಾದದ್ದು: ಆಕೆಗಿಂತ ಮೊದಲಿನವರು ಹತ್ತುವಷ್ಟರಲ್ಲಿ ಎಲ್ಲೋ ಏನೋ ಬಿಸಿಯಾಗುತ್ತಿದೆ ಎಂದು ಅದರ ಅರ್ಥ.

ಹಿಂದಿನ ದುರಸ್ತಿಯಲ್ಲಿ ಮೋಟಾರಿನ ಬಳಿ ಮೀಟರು ಹಿಡಿದು 25 ವೋಲ್ಟ್ ನೋಡಿ, ಕರೆಂಟು ಸರಿಯಾಗಿಯೇ ಬರುತ್ತಿದೆ, ಆದ್ದರಿಂದ ಪಂಪೇ ಹೋಗಿದೆ ಎಂದು ನಿರ್ಧರಿಸಿದ್ದರು. ಮೋಟಾರು ಓಡದಿರುವಾಗ ಎಂತಹ ತುಕ್ಕು ಹಿಡಿದ ಜೋಡಣೆಯ ಆಚೆಗೂ ಮೀಟರು ಪೂರ್ಣ ವೋಲ್ಟೇಜನ್ನೇ ತೋರಿಸುತ್ತದೆ. ವೋಲ್ಟೇಜ್ ಕುಸಿತ ಎಂಬುದು ಕರೆಂಟು ಹರಿಯುವಾಗ ಮಾತ್ರ ಕಾಣಿಸಿಕೊಳ್ಳುತ್ತದೆ, ನಿಂತ ಮೋಟಾರಿನ ಬಳಿ ಅದನ್ನು ಹುಡುಕುವುದೆಂದರೆ ನಲ್ಲಿ ಮುಚ್ಚಿಟ್ಟು ಪೈಪಿನಲ್ಲಿ ಕಸ ಕಟ್ಟಿದೆಯೇ ಎಂದು ನೋಡಿದಂತೆ. ಸ್ವಿಚ್‌ಗಳ ಸಾಲನ್ನು ಮೀಟರಿನ ಬದಲು ಟೆಸ್ಟ್ ಲ್ಯಾಂಪಿನಿಂದ ನೋಡುವುದಕ್ಕೂ ಇದೇ ಕಾರಣ. ಉರಿಯಲು ದೀಪಕ್ಕೆ ಒಂದಿಷ್ಟು ಕರೆಂಟು ಬೇಕು, ಆದ್ದರಿಂದ ದುರ್ಬಲವಾದ ಸಂಪರ್ಕ ಅದರಿಂದ ತಪ್ಪಿಸಿಕೊಳ್ಳುವುದು ಕಷ್ಟ.

ಜನರನ್ನು ಕೂರಿಸಿ ಪರೀಕ್ಷೆ ಮಾಡುವಂತಿಲ್ಲವಾದ್ದರಿಂದ ಪಕ್ಕದ ಅಂಗಡಿಯಿಂದ 50 ಕಿಲೋದ ನಾಲ್ಕು ಸಿಮೆಂಟ್ ಚೀಲ ತರಿಸಿ ಪ್ಲಾಟ್‌ಫಾರ್ಮಿನ ಮೇಲೆ ಹರಡಿ ಇಟ್ಟೆ. 200 ಕಿಲೋ ಎಂದರೆ ಬ್ಯಾಟರಿ ಕುರ್ಚಿ ಮತ್ತು ಅದರಲ್ಲಿ ಕುಳಿತವರ ತೂಕಕ್ಕೆ ಹತ್ತಿರ, ಲಿಫ್ಟಿನ ಸಾಮರ್ಥ್ಯಕ್ಕೂ ಒಳಗೆ. ಒಬ್ಬ ಹುಡುಗ ಗುಂಡಿ ಒತ್ತಿ ಹಿಡಿದಿರುವಾಗ ಅಳತೆಗಳನ್ನು ತೆಗೆದೆ. ಕ್ಲ್ಯಾಂಪ್ ಮೀಟರಿನಲ್ಲಿ ಕರೆಂಟು 60 ಆಂಪಿಯರ್ ಆಸುಪಾಸು. ಬ್ಯಾಟರಿಯ ಎರಡು ತುದಿಗಳಲ್ಲಿ 23.6 ವೋಲ್ಟ್, ಮೋಟಾರಿನ ಎರಡು ತುದಿಗಳಲ್ಲಿ 18.9 ವೋಲ್ಟ್. ನಡುವೆ 4.7 ವೋಲ್ಟ್ ಎಲ್ಲಿ ಹೋಯಿತು? ಬ್ಯಾಟರಿಯ ಪಾಸಿಟಿವ್‌ನಿಂದ ಮೋಟಾರಿನ ಪಾಸಿಟಿವ್‌ವರೆಗೆ ಅಳೆದರೆ 0.7 ವೋಲ್ಟ್. ಮೋಟಾರಿನ ನೆಗೆಟಿವ್‌ನಿಂದ ಬ್ಯಾಟರಿಯ ನೆಗೆಟಿವ್‌ವರೆಗೆ ಅಳೆದರೆ 4 ವೋಲ್ಟ್! ಕರೆಂಟು ಹೋಗುವ ದಾರಿ ಸರಿಯಾಗಿತ್ತು, ಮರಳುವ ದಾರಿ ಕೆಟ್ಟಿತ್ತು. ಹೆಚ್ಚಿನವರು ಪಾಸಿಟಿವ್ ಕೇಬಲ್ಲು, ಫ್ಯೂಸು, ರಿಲೇಗಳನ್ನು ಶ್ರದ್ಧೆಯಿಂದ ನೋಡಿ ಅರ್ತನ್ನು, ಅಂದರೆ ಕರೆಂಟು ಬಾಡಿಯ ಕಬ್ಬಿಣದ ಮೂಲಕ ಬ್ಯಾಟರಿಗೆ ಮರಳುವ ಜೋಡಣೆಯನ್ನು, ಕಡೆಗಣಿಸುತ್ತಾರೆ, ಬಾಡಿ ಮಾರ್ಪಾಡು ಮಾಡಿದ ವಾಹನಗಳಲ್ಲಂತೂ ಮೊದಲು ನೋಡಬೇಕಾದದ್ದೇ ಅರ್ತು.

ಮಾರ್ಪಾಡು ಮಾಡಿದವರು ಪಾಸಿಟಿವ್ ಕೇಬಲ್ಲನ್ನು ಬ್ಯಾಟರಿಯಿಂದ ನೇರವಾಗಿ ಎಳೆದು, ನೆಗೆಟಿವ್ ತುದಿಯನ್ನು ಮಾತ್ರ ಲಿಫ್ಟಿನ ಪಕ್ಕದ ನೆಲದ ಕಬ್ಬಿಣಕ್ಕೆ, ಬಳಿದ ಬಣ್ಣವನ್ನು ಕೆರೆಯದೆಯೇ, ಒಂದು ಬೋಲ್ಟಿನಿಂದ ಬಿಗಿದಿದ್ದರು. ಬೋಲ್ಟಿನ ಎಳೆಗಳು ಕಬ್ಬಿಣವನ್ನು ಮುಟ್ಟಿದಷ್ಟು ಮಾತ್ರ ಸಂಪರ್ಕ. ಬಸ್ಸು ತೊಳೆದ ನೀರು ಅಲ್ಲಿಗೇ ಇಳಿದು ತುಕ್ಕು ಹಿಡಿದಿತ್ತು. 60 ಆಂಪಿಯರ್ ಹರಿಯುವಾಗ 4 ವೋಲ್ಟ್ ಕುಸಿತವೆಂದರೆ 240 ವಾಟ್ ಶಾಖ ಬಹುಪಾಲು ಆ ಒಂದು ಬೋಲ್ಟಿನ ಸುತ್ತ ಹುಟ್ಟುತ್ತಿದೆ ಎಂದರ್ಥ. ಲಿಫ್ಟು ಕೆಲವು ಸಲ ಏರಿದ ಮೇಲೆ ಅದು ಮುಟ್ಟಲಾಗದಷ್ಟು ಸುಡುತ್ತಿತ್ತು. ಬಿಸಿಯಾದಂತೆ ಸಂಪರ್ಕ ಇನ್ನೂ ಕೆಟ್ಟು ವೋಲ್ಟೇಜು ಇನ್ನೂ ಇಳಿಯುತ್ತದೆ. ಮೋಟಾರಿಗೆ ಕರೆಂಟು ಕೊಡುವ ದೊಡ್ಡ ರಿಲೇಯ ಕಾಯಿಲ್ಲಿಗೂ ಅದೇ ಅರ್ತು ಇದ್ದುದರಿಂದ ಒಂದು ಹಂತದಲ್ಲಿ ಅದು ಹಿಡಿತ ಬಿಡುತ್ತದೆ. ಬಿಟ್ಟ ತಕ್ಷಣ ಕರೆಂಟು ನಿಂತು ವೋಲ್ಟೇಜು ಏರುತ್ತದೆ, ರಿಲೇ ಮತ್ತೆ ಹಿಡಿಯುತ್ತದೆ, ಮತ್ತೆ ಬಿಡುತ್ತದೆ. ಟಕಟಕ ಶಬ್ದ ಅದೇ. ಕೊನೆಯವಳಾಗಿ ಹತ್ತಿದರೆ ಖಂಡಿತ ಎಂದ ಆ ಯುವತಿಯ ಮಾತು ಅಕ್ಷರಶಃ ನಿಜವಾಗಿತ್ತು.

ದುರಸ್ತಿಗಾಗಿ 35 ಚದರ ಮಿಲಿಮೀಟರಿನ ತಾಮ್ರದ ಕೇಬಲ್ಲನ್ನು ಮೋಟಾರಿನ ನೆಗೆಟಿವ್‌ನಿಂದ ನೇರವಾಗಿ ಬ್ಯಾಟರಿಯ ನೆಗೆಟಿವ್‌ಗೆ ಎಳೆದೆ. ಸುಮಾರು ಎಂಟು ಮೀಟರ್ ಉದ್ದದ ಈ ಕೇಬಲ್ಲಿನಲ್ಲಿ 60 ಆಂಪಿಯರ್‌ಗೆ ಕಾಲು ವೋಲ್ಟ್ ಮಾತ್ರ ಕುಸಿಯುತ್ತದೆ. ಕೇಬಲ್ಲಿನ ತುದಿಗೆ ಹಾಕುವ ಲೋಹದ ಲಗ್‌ಗಳನ್ನು ಸುತ್ತಿಗೆಯಲ್ಲಿ ಬಡಿಯದೆ ಕ್ರಿಂಪಿಂಗ್ ಸಾಧನದಿಂದಲೇ ಒತ್ತಿಸಬೇಕು, ಕೇಬಲ್ಲು ಚಾಸಿಯ ಅಂಚಿಗೆ ಉಜ್ಜದಂತೆ ಕೊಳವೆಯೊಳಗೆ ಹಾಯಿಸಬೇಕು. ಅದೇ ನಾಲ್ಕು ಚೀಲಗಳನ್ನಿಟ್ಟು ಮತ್ತೆ ಅಳೆದಾಗ ನೆಗೆಟಿವ್ ಕಡೆಯ ಕುಸಿತ 0.3 ವೋಲ್ಟಿಗೆ ಇಳಿದು, ಮೋಟಾರಿಗೆ 22.6 ವೋಲ್ಟ್ ಸಿಕ್ಕಿತು. ಕರೆಂಟು ಹೆಚ್ಚುಕಡಿಮೆ ಮೊದಲಿನಷ್ಟೇ ಇತ್ತು, ಏಕೆಂದರೆ ಎಳೆಯುವ ಕರೆಂಟನ್ನು ನಿರ್ಧರಿಸುವುದು ಭಾರ, ತಿರುಗುವ ವೇಗವನ್ನು ನಿರ್ಧರಿಸುವುದು ವೋಲ್ಟೇಜು. ಲಿಫ್ಟು ಏರುವ ವೇಗದಲ್ಲಿ ಮಾತ್ರ ವ್ಯತ್ಯಾಸ ಕಣ್ಣಿಗೇ ಕಾಣುತ್ತಿತ್ತು. ಪಂಪು ಹಳೆಯದೇ ಉಳಿಯಿತು.

ಇದೇ ಬಸ್ಸಿನಲ್ಲಿ ಹಾಡಿನ ಪೆಟ್ಟಿಗೆಗೂ ಫ್ಯಾನುಗಳಿಗೂ 12 ವೋಲ್ಟನ್ನು ಎರಡು ಬ್ಯಾಟರಿಗಳ ನಡುವಿನಿಂದ ತೆಗೆದಿದ್ದರು. ಇದರಿಂದ ಒಂದೇ ಬ್ಯಾಟರಿ ದಿನವೂ ಖಾಲಿಯಾಗಿ ಅರೆಬರೆ ತುಂಬುತ್ತದೆ, ಇನ್ನೊಂದು ಅತಿಯಾಗಿ ಚಾರ್ಜ್ ಆಗಿ ನೀರು ಆರುತ್ತದೆ. ಅದನ್ನು ಕಳಚಿ, 24 ರಿಂದ 12 ವೋಲ್ಟಿಗೆ ಇಳಿಸುವ ಕನ್ವರ್ಟರ್ ಹಾಕಿದೆ. ಎಣ್ಣೆಯ ಮಟ್ಟವನ್ನು ಪ್ಲಾಟ್‌ಫಾರ್ಮ್ ನೆಲಕ್ಕಿಳಿದು ಸಿಲಿಂಡರಿನ ಎಣ್ಣೆಯೆಲ್ಲ ಟ್ಯಾಂಕಿಗೆ ಮರಳಿದಾಗಲೇ ನೋಡಬೇಕು, ಬ್ರೇಕ್ ಆಯಿಲ್ಲನ್ನು ಯಾವ ಕಾರಣಕ್ಕೂ ಸುರಿಯಬಾರದು, ಅದು ಖನಿಜ ಎಣ್ಣೆಗೆಂದು ಮಾಡಿದ ಸೀಲುಗಳನ್ನು ಉಬ್ಬಿಸಿ ಕೆಡಿಸುತ್ತದೆ. ಭಾರ ಎತ್ತುತ್ತಿಲ್ಲವೆಂದು, ಎಣ್ಣೆಯ ಒತ್ತಡ ಮಿತಿ ಮೀರದಂತೆ ನೋಡುವ ರಿಲೀಫ್ ವಾಲ್ವನ್ನು ಬಿಗಿ ಮಾಡುವುದೂ ಅಷ್ಟೇ ಅಪಾಯಕಾರಿ. ಎತ್ತಿದ ಪ್ಲಾಟ್‌ಫಾರ್ಮಿನ ಕೆಳಗೆ ಆಸರೆಯ ಕಂಬ ಕೊಡದೆ ಕೈ ಹಾಕಬಾರದೆಂದು ನಮ್ಮ ಹುಡುಗರಿಗೆ ಪ್ರತಿ ಸಲವೂ ಹೇಳುತ್ತೇನೆ.

ಲಿಫ್ಟು ಅರ್ಧದಲ್ಲಿ ನಿಂತ ಒಂದು ಸಂಜೆ ಆ ಯುವತಿ ಬಹಳ ಹೊತ್ತು ನೆಲಕ್ಕೂ ಬಸ್ಸಿಗೂ ನಡುವೆ ಕುಳಿತಿದ್ದರಂತೆ. ಪಂಪಿನೊಳಗಿನ ತಡೆ ವಾಲ್ವು ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುವುದರಿಂದ ಪ್ಲಾಟ್‌ಫಾರ್ಮ್ ತಾನಾಗಿ ಬೀಳುವುದಿಲ್ಲ. ಆದರೆ ಕೈಪಂಪಿನಿಂದ ಏರಿಸುವ ಅಥವಾ ವಾಲ್ವನ್ನು ಕೈಯಿಂದ ನಿಧಾನವಾಗಿ ಸಡಿಲಿಸಿ ಇಳಿಸುವ ವ್ಯವಸ್ಥೆ ಇದ್ದೂ, ಅದರ ಹಿಡಿಕೆ ಬಸ್ಸಿನಲ್ಲಿರಲಿಲ್ಲ, ಯಾವ ಕಡೆಗೆ ತಿರುಗಿಸಬೇಕೆಂದು ಯಾರಿಗೂ ತಿಳಿದಿರಲಿಲ್ಲ. ಹೊಸ ಹಿಡಿಕೆ ಮಾಡಿಸಿ ಲಿಫ್ಟಿನ ಪಕ್ಕದಲ್ಲೇ ಸಿಕ್ಕಿಸಿದ್ದೇವೆ. ಚಾಲಕರೂ ಸಹಾಯಕಿಯೂ ಚೀಲಗಳನ್ನಿಟ್ಟ ಪ್ಲಾಟ್‌ಫಾರ್ಮನ್ನು ಕರೆಂಟಿಲ್ಲದೆ ತಾವೇ ಏರಿಸಿ ಇಳಿಸಿ ಕಲಿತರು. ಪಂಪು ಮಾಡುವ ಮೊದಲು ಸಡಿಲಿಸಿದ ವಾಲ್ವನ್ನು ಮುಚ್ಚಬೇಕೆಂಬುದನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು ಅಲ್ಲಿಯೇ ಅಂಟಿಸಲಾಗಿದೆ. ಮುಂದಿನ ಸಲ ಏನಾದರೂ ಆದರೆ ನಾನು ದಾವಣಗೆರೆಯಿಂದ ಬರುವವರೆಗೆ ಯಾರೂ ಗಾಳಿಯಲ್ಲಿ ಕಾಯಬೇಕಾಗಿಲ್ಲ.

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ 2016ರ ಕಾಯ್ದೆಯ 41ನೇ ಕಲಂ ಹಳೆಯ ವಾಹನಗಳನ್ನು ಮಾರ್ಪಡಿಸುವುದನ್ನೂ ಸಾರಿಗೆಯ ಸೌಲಭ್ಯಗಳಲ್ಲಿ ಸೇರಿಸಿದೆ, ಅದು ತಾಂತ್ರಿಕವಾಗಿ ಸಾಧ್ಯವೂ ಸುರಕ್ಷಿತವೂ ಆಗಿರಬೇಕೆಂದು ಹೇಳಿದೆ. ಸುರಕ್ಷಿತ ಎಂಬ ಆ ಷರತ್ತು ನಮ್ಮಂತಹವರ ಕೈಯಲ್ಲಿ ಒಂದು ಬೋಲ್ಟಿನ ಕೆಳಗಿನ ಬಣ್ಣ ಕೆರೆಯುವ ಕೆಲಸದವರೆಗೂ ಬರುತ್ತದೆ. ಇಂತಹ ಬಸ್ಸು ಒಂದು ದಿನ ನಿಂತರೆ ಉಳಿದ ಪ್ರಯಾಣಿಕರಂತೆ ಇವರು ಇನ್ನೊಂದು ಬಸ್ಸು ಹತ್ತಿ ಬರಲಾರರು, ಆ ದಿನದ ಚಿಕಿತ್ಸೆ ಅಥವಾ ತರಗತಿ ಅಷ್ಟಕ್ಕೇ ತಪ್ಪಿಹೋಗುತ್ತದೆ.

ಬಸ್ಸಿನ ಲಾಗ್ ಪುಸ್ತಕದಲ್ಲಿ ಈಗ ಲಿಫ್ಟಿಗಾಗಿ ಒಂದು ಪುಟವಿದೆ. ತಿಂಗಳಿಗೊಮ್ಮೆ ಬಸ್ಸನ್ನು ಎಡಗಡೆಯ ಚಕ್ರಗಳು ಕೆಳಗಿರುವಂತೆ ನಿಲ್ಲಿಸಿ, ಕದಗಳು ಕೊಂಡಿಯಲ್ಲಿ ನಿಲ್ಲುತ್ತವೆಯೇ ಎಂದು ನೋಡಿ, ನಂತರ ಸಮತಟ್ಟಾದ ಜಾಗಕ್ಕೆ ತಂದು ನಾಲ್ಕು ಚೀಲಗಳ ಭಾರದಲ್ಲಿ ನೆಗೆಟಿವ್ ಕಡೆಯ ಕುಸಿತವನ್ನು ಅಳೆದು ಬರೆಯಬೇಕು. ಸಂಸ್ಥೆಯ ಚಾಲಕರೇ ಈ ಅಳತೆಯನ್ನು ಕಲಿತಿದ್ದಾರೆ. ಅದು ಅರ್ಧ ವೋಲ್ಟ್ ದಾಟಿದ ದಿನ, ಲಿಫ್ಟು ಎಷ್ಟೇ ಚೆನ್ನಾಗಿ ಏರುತ್ತಿದ್ದರೂ, ನನಗೆ ಫೋನ್ ಮಾಡಬೇಕೆಂದು ಹೇಳಿದ್ದೇನೆ.